ಕತ್ತಲೆಕಾನಿನ ಕಪ್ಪೆ ಮತ್ತು ಒಂದು ಹತ್ತಿ ಕಡ್ಡಿ

ಜೋಗದಲ್ಲಿ ಮಂಜು ಕವಿದು ಏನೂ ಕಾಣಲಿಲ್ಲ. ಅದಕ್ಕೆ ಬೇಜಾರೂ ಆಗಲಿಲ್ಲ. ಮಳೆಗಾಲದ ರಜೆಯಲ್ಲಿ ಅಲ್ಲಿ ಕಾರಿನ ಹಾರ್ನೇ ಜಾಸ್ತಿ. ನಾನು ಹೊರಟಿದ್ದು ಅಲ್ಲಿಂದ ಮುಂದೆ, ಹೊನ್ನಾವರದ ಕಡೆ ಇಳಿಯುವ ದಾರಿಯಲ್ಲಿ ಸಿಗುವ ಕತ್ತಲೆಕಾನಿಗೆ. ಕಪ್ಪೆಗಳ ಡಿಎನ್ಎ ಅಧ್ಯಯನ ಮಾಡುವ ಸಂಶೋಧಕಿಯೊಬ್ಬರು ಅರಣ್ಯ ಇಲಾಖೆಯ ಪರವಾನಗಿ ಪಡೆದು ಅಲ್ಲಿ ಕೆಲಸ ಮಾಡುತ್ತಿದ್ದರು. ಪರಿಚಯದವರ ಮೂಲಕ ಕೇಳಿದಾಗ "ಬನ್ನಿ, ದೂರ ನಿಂತು ನೋಡಬಹುದು" ಎಂದಿದ್ದರು.

ಸಿದ್ದಾಪುರ ತಾಲ್ಲೂಕಿನ ಈ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಕಣಿವೆಯ ತಳದಲ್ಲಿ ನೀರು ನಿಂತೂ ನಿಲ್ಲದೆ ಹರಿಯುವ ಕೆಸರು ಜಾಗಗಳು. ಮರಗಳ ಬೇರು ಉಸಿರಾಡಲು ಕೆಸರಿನಿಂದ ಮಂಡಿಯಂತೆ ಮೇಲೆದ್ದು ಮತ್ತೆ ಒಳಗೆ ಹೋಗುತ್ತದೆ. ಮಾವು, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ಇಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ್ದು 2000ದಲ್ಲಿ. ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಷ್ಟು ದೊಡ್ಡ ಮರವೇ ಅಷ್ಟು ತಡವಾಗಿ ಲೆಕ್ಕಕ್ಕೆ ಬಂತು. ಹೆಬ್ಬೆರಳಿನಷ್ಟು ಕಪ್ಪೆಯ ಗತಿ ಏನು ಹೇಳಿ?

ಹಗಲು ಹೇಗೋ ಕಳೆಯಿತು. ಕತ್ತಲಾದ ಮೇಲೆ ಹಳ್ಳಕ್ಕೆ ಇಳಿದೆವು. ಮುಂದೆ ಸಂಶೋಧಕಿ, ಹಿಂದೆ ನಾನು. ದಾರಿ ತೋರಿಸಲು ಹತ್ತಿರದ ತೋಟದ ಹಿರಿಯರೊಬ್ಬರು ಜೊತೆಗಿದ್ದರು. ಮಳೆ ನಿಂತಿತ್ತು, ಎಲೆಗಳಿಂದ ಮಾತ್ರ ಹನಿ ಉದುರುತ್ತಿತ್ತು. ಹೆಡ್‌ಟಾರ್ಚಿನ ಬೆಳಕಿನಲ್ಲಿ ಕಲ್ಲಿನ ಸಂದಿಯಲ್ಲಿ ಒಂದು ಕಪ್ಪೆ ಕೂತಿತ್ತು. ಕಂದು ಮೈ, ಸುಕ್ಕು ಚರ್ಮ. ಒಂದು ಮಾರು ಆಚೆ ಇನ್ನೊಂದು. ನನ್ನ ಕಣ್ಣಿಗೆ ಎರಡೂ ಒಂದೇ. ಎರಡನೆಯದು ಸ್ವಲ್ಪ ದೊಡ್ಡದು, ಅಷ್ಟೇ.

"ಚಿಕ್ಕದು ಜೋಗದ ಇರುಳುಗಪ್ಪೆ. ದೊಡ್ಡದು ಕುಂಬಾರ ಕಪ್ಪೆ ಇರಬೇಕು" ಎಂದರು ಸಂಶೋಧಕಿ. "ಇರಬೇಕು ಅಂತಷ್ಟೇ ಹೇಳ್ತೀನಿ. ಖಾತ್ರಿ ಆಗೋದು ಲ್ಯಾಬಿನಲ್ಲಿ."

ಕುಂಬಾರ ಕಪ್ಪೆಯ ವಿಷಯ ಓದಿದ್ದೆ. ಉತ್ತರ ಕನ್ನಡದ ಕಾಡಿನ ಹಳ್ಳಗಳಲ್ಲಿ ಸಿಕ್ಕ ಈ ಕಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಹೆಸರು ಬಂದದ್ದು ಅದರಿಂದಲೇ. ಪಕ್ಕದಲ್ಲೇ ಬದುಕುವ ಜೋಗದ ಇರುಳುಗಪ್ಪೆಗೆ ಈ ಅಭ್ಯಾಸವಿಲ್ಲ. ನಡವಳಿಕೆ ಬೇರೆ, ಮೈಯ ಅಳತೆ ಬೇರೆ, ಡಿಎನ್ಎ ಕೂಡ ಬೇರೆ. ಮೂರೂ ಒಂದೇ ಮಾತು ಹೇಳಿದಾಗ ಹೊಸ ಹೆಸರು ಬಂತು. ಈ ಇರುಳುಗಪ್ಪೆಗಳ ಕುಲ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎಸ್. ಡಿ. ಬಿಜು ಮತ್ತು ಸಂಗಡಿಗರು 2011ರಲ್ಲಿ ಒಂದೇ ಸಲಕ್ಕೆ ಈ ಕುಲದ 12 ಹೊಸ ಪ್ರಭೇದಗಳನ್ನು ಹೆಸರಿಸಿದರು. 2017ರಲ್ಲಿ ಇನ್ನೂ 7 ಸೇರಿದವು.

ಆಮೇಲೆ ಆಕೆ ಮಾಡಿದ ಕೆಲಸ ನೋಡಿ ನನಗೆ ಮಾತೇ ಹೊರಡಲಿಲ್ಲ. ಹೊಸ ಗ್ಲೌಸ್ ಹಾಕಿಕೊಂಡರು. ಪ್ರತಿ ಕಪ್ಪೆಗೂ ಬೇರೆ ಗ್ಲೌಸ್, ಯಾಕೆಂದರೆ ಕಪ್ಪೆಗಳ ಚರ್ಮಕ್ಕೆ ಬರುವ ಶಿಲೀಂಧ್ರ ರೋಗ ಒಂದರಿಂದ ಒಂದಕ್ಕೆ ಹರಡಬಾರದು. ದೊಡ್ಡ ಕಪ್ಪೆಯನ್ನು ಹಗುರವಾಗಿ ಹಿಡಿದು, ಬಾಯಿ ಸ್ವಲ್ಪವೇ ಬಿಡಿಸಿ, ಸಣ್ಣ ಹತ್ತಿ ಕಡ್ಡಿಯನ್ನು ಒಳಗೆ ಮೆಲ್ಲನೆ ಸವರಿದರು. ಕಡ್ಡಿ ಟ್ಯೂಬಿಗೆ ಹೋಯಿತು. ಟ್ಯೂಬಿನ ಮೇಲೆ ಜಾಗ, ಹೊತ್ತು, ಸಂಖ್ಯೆ ಬರೆದರು. ಕಪ್ಪೆ ಮತ್ತೆ ಅದೇ ಕಲ್ಲಿನ ಸಂದಿಗೆ. ಒಂದು ಕ್ಷಣ ಸುಮ್ನೆ ಕೂತು, ಆಮೇಲೆ ಒಳಗೆ ಸರಿಯಿತು. ಒಂದು ಪ್ರಾಣಿಯ ವಂಶದ ಕಥೆ ತಿಳಿಯಲು ಅದನ್ನು ಕೊಂದು ಬಾಟಲಿಯಲ್ಲಿ ಇಡಲೇಬೇಕು ಅಂತ ನಾನು ತಿಳಿದಿದ್ದೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಈಗಲೂ ಸಾಮಾನ್ಯವಾಗಿ ಮಾದರಿ ಬೇಕಾಗುತ್ತದೆ. ಆದರೆ ಹೆಸರಿರುವ ಪ್ರಭೇದ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಬಾಯಿಯ ಒಂದಿಷ್ಟು ಜೀವಕೋಶ ಸಾಕು.

ಲ್ಯಾಬಿನಲ್ಲಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್ಎಯ ಒಂದು ತುಣುಕನ್ನು ಪಿಸಿಆರ್‌ನಲ್ಲಿ ಕೋಟಿಗಟ್ಟಲೆ ಪ್ರತಿ ಮಾಡಿ ಓದುತ್ತಾರೆ. ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯದ ಡಿಎನ್ಎ ನೂರಾರು ಪ್ರತಿ ಇರುವುದರಿಂದ ಕಡಿಮೆ ಸಾಮಗ್ರಿಯಲ್ಲೂ ಸಿಗುತ್ತದೆ. ಪ್ರಾಣಿಗಳನ್ನು ಗುರುತಿಸಲು ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರ (ಡಿಎನ್ಎ ಸರಪಳಿಯ ಒಂದೊಂದು ಕೊಂಡಿಗೆ ಒಂದು ಅಕ್ಷರ) ಓದಿದರೆ ಸಾಕು ಅಂತ ಪಾಲ್ ಹೆಬರ್ಟ್ ತಂಡ ಕೆನಡಾದಿಂದ 2003ರಲ್ಲಿ ಸೂಚಿಸಿತ್ತು. ಕಪ್ಪೆಗಳ ವಿಷಯದಲ್ಲಿ ಅದು ಆಗಾಗ ಕೈಕೊಡುತ್ತದೆ, ಹಾಗಾಗಿ 16ಎಸ್ ಎಂಬ ಜೀನನ್ನು ಜಾಸ್ತಿ ಬಳಸುತ್ತಾರೆ.

ಇದನ್ನೆಲ್ಲ, ಎರಡು ಪ್ರಭೇದ ಎಷ್ಟು ವರ್ಷದ ಹಿಂದೆ ಬೇರೆಯಾದವು ಎಂದು ಡಿಎನ್ಎಯಿಂದ ಲೆಕ್ಕ ಹಾಕುವುದನ್ನೂ ಆಕೆ ಹಳ್ಳದ ದಡದಲ್ಲಿ ಕೂತು ಹೇಳುತ್ತಿದ್ದಾಗ ಹಿರಿಯರು ಅಡ್ಡ ಬಾಯಿ ಹಾಕಿದರು. ಆ ಮಾತುಕತೆಗಾಗಿಯೇ ಇದನ್ನು ಬರೆಯಬೇಕು ಅನ್ನಿಸಿದ್ದು.

"ತಂಗೀ, ಎರಡೂ ಬೇರೆ ಅಂತ ಹೇಳ್ತೀರಿ, ಒಪ್ಪಿದೆ. ಆದ್ರೆ ಇಷ್ಟು ಲಕ್ಷ ವರ್ಷದ ಹಿಂದೆ ಬೇರೆ ಆದವು ಅಂತಲೂ ಹೇಳ್ತೀರಲ್ಲ. ನೋಡಿದವ್ರು ಯಾರು?"

"ಯಾರೂ ನೋಡಿಲ್ಲ ಅಜ್ಜ. ಡಿಎನ್ಎ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನಕಲಾಗ್ತಾ ಬರ್ತದೆ. ನಕಲು ಮಾಡುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನವರಿಗೂ ಹೋಗ್ತದೆ."

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದರು. "ನಮ್ಮನೇಲಿ ಯಕ್ಷಗಾನ ಪ್ರಸಂಗದ ಹಳೇ ಕೈಬರಹದ ಪುಸ್ತಕ ಇದ್ವು. ಒಬ್ರು ಬರೆದದ್ದನ್ನು ಇನ್ನೊಬ್ರು ನೋಡಿ ಇಳಿಸ್ಕೊಂಡದ್ದು. ಎರಡು ಪುಸ್ತಕದಲ್ಲಿ ಒಂದೇ ಪದ್ಯದಲ್ಲಿ ಒಂದೇ ತಪ್ಪು ಇದ್ರೆ, ಎರಡೂ ಒಂದೇ ಮೂಲದಿಂದ ಬಂದದ್ದು ಅಂತ ಅಪ್ಪ ಹೇಳ್ತಿದ್ರು. ಹಾಗೇ ಅಲ್ದಾ?"

"ಅದೇ ಅಜ್ಜ! ನಾವು ವಂಶವೃಕ್ಷ ಬರೆಯೋದು ಹಾಗೇ."

"ಸರಿ. ಯಾರಿಂದ ಯಾರು ಅಂತ ತಪ್ಪು ನೋಡಿ ಗೊತ್ತಾಯ್ತು. ವರ್ಷ ಹ್ಯಾಗೆ ಗೊತ್ತಾಯ್ತು?"

ಆಕೆಯ ಮುಖ ಅರಳಿತು. ಇದೇ ಸರಿಯಾದ ಪ್ರಶ್ನೆ, ಇದನ್ನು ಕಾಲೇಜಿನ ಹುಡುಗರೂ ಕೇಳುವುದಿಲ್ಲ ಎಂದರು. ತಪ್ಪುಗಳ ಎಣಿಕೆಯಿಂದ ವರ್ಷ ಹೇಳಬೇಕಾದರೆ ಎಲ್ಲೋ ಒಂದು ಕಡೆ ಇಸವಿ ಗೊತ್ತಿರುವ ಗುರುತು ಬೇಕು. ಕಾಲ ಗೊತ್ತಿರುವ ಪಳೆಯುಳಿಕೆ, ಇಲ್ಲವೇ ಎರಡು ಭೂಭಾಗ ಬೇರೆಯಾದ ಕಾಲ. ಅದನ್ನು ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ತಪ್ಪು ಬೀಳುವ ವೇಗ ಎಲ್ಲ ಪ್ರಾಣಿಗಳಲ್ಲೂ, ಎಲ್ಲ ಜೀನ್‌ಗಳಲ್ಲೂ ಒಂದೇ ಸಮ ಇರುವುದಿಲ್ಲ. ಅದಕ್ಕೇ ಉತ್ತರ ಯಾವಾಗಲೂ "ಇಷ್ಟರಿಂದ ಇಷ್ಟರ ಒಳಗೆ" ಎಂದೇ ಬರುತ್ತದೆ.

ಉದಾಹರಣೆಗೆ ಕೇರಳದ ಇಡುಕ್ಕಿಯ ನೇರಳೆ ಬಣ್ಣದ ಕಪ್ಪೆಯ ಕಥೆ ಹೇಳಿದರು. ಬಿಜು ಮತ್ತು ಫ್ರಾಂಕಿ ಬೊಸ್ಸುಯ್ಟ್ 2003ರಲ್ಲಿ ಅದನ್ನು ಪ್ರಕಟಿಸಿದರು. ವರ್ಷದ ಬಹುಪಾಲು ಮಣ್ಣಿನೊಳಗೇ ಇದ್ದು, ಮರಿ ಮಾಡಲು ಮಳೆಗಾಲದ ಆರಂಭದಲ್ಲಿ ಸ್ವಲ್ಪ ದಿನ ಮಾತ್ರ ಮೇಲೆ ಬರುವ ಕಪ್ಪೆ. ಅದರ ಡಿಎನ್ಎ ಓದಿದಾಗ ತೀರಾ ಹತ್ತಿರದ ನೆಂಟರು ಸಿಕ್ಕಿದ್ದು ಸುಮಾರು 3,000 ಕಿಲೋಮೀಟರ್ ದೂರದ ಸೆಶೆಲ್ಸ್ ದ್ವೀಪಗಳಲ್ಲಿ! ಕಪ್ಪೆ ಉಪ್ಪುನೀರಿನಲ್ಲಿ ಅಷ್ಟು ದೂರ ಈಜಲಾರದು. ಕಪ್ಪೆ ಇದ್ದ ನೆಲವೇ ಬೇರೆಯಾಯಿತು. ಭಾರತ ಮತ್ತು ಸೆಶೆಲ್ಸ್ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಬಿಡಿಯಾದವು. ಈ ಎರಡು ವಂಶ ಕವಲೊಡೆದು 13 ಕೋಟಿ ವರ್ಷ ಆಯಿತೆಂದು ಮೊದಲು ಲೆಕ್ಕ ಹಾಕಿದ್ದರು. ಆಮೇಲೆ ಹೆಚ್ಚು ಜೀನ್‌ಗಳನ್ನು ಸೇರಿಸಿ ಮಾಡಿದ ಲೆಕ್ಕ ಈ ಅಂಕಿಯನ್ನು ಬಹಳ ಇಳಿಸಿತು.

"ಅಂದ್ರೆ ಮೊದಲು ಹೇಳಿದ್ದು ಸುಳ್ಳಾ?" ಅಜ್ಜ ಬಿಡಲಿಲ್ಲ.

"ನೆಂಟಸ್ತಿಕೆ ಸುಳ್ಳಾಗಿಲ್ಲ ಅಜ್ಜ. ವರ್ಷ ಮಾತ್ರ ತಿದ್ದಿದ್ದು."

ಅಜ್ಜ ತಲೆಯಾಡಿಸಿದರು. ವಿಜ್ಞಾನದ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಉಂಬಳದ, ಅಂದರೆ ರಕ್ತ ಹೀರುವ ಕಾಡು ಜಿಗಣೆಯ, ವಿಷಯ ಹೇಳದೆ ಮುಂದೆ ಹೋಗಲಾರೆ. ಪೇಟೆಯ ಅಂಗಡಿಯವನು "ಇದು ಹಾಕಿದ್ರೆ ಒಂದೂ ಹತ್ತಲ್ಲ" ಎಂದು ಹೆಣಿಗೆಯ ದಪ್ಪ ಕಾಲುಚೀಲ ಮಾರಿದ್ದ. ಹೆಣಿಗೆಯ ಕಣ್ಣುಗಳಿಂದ ಉಂಬಳ ಸಲೀಸಾಗಿ ಒಳಗೆ ಬಂದವು. ರಾತ್ರಿ ಚೀಲ ಬಿಚ್ಚಿದಾಗ ಪಾದವಿಡೀ ರಕ್ತ. ಆ ಸಿಟ್ಟು ಇನ್ನೂ ಇದೆ. ಹೋಗುವವರು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಹೊಲಿದ, ಮಂಡಿಯವರೆಗೆ ಬರುವ ಚೀಲವನ್ನೇ ಹುಡುಕಿ. ಕಪ್ಪೆ ಇರುವ ಹಳ್ಳಕ್ಕೆ ಉಪ್ಪು, ಹೊಗೆಸೊಪ್ಪಿನ ನೀರು, ಸೊಳ್ಳೆ ಕ್ರೀಮು ಬಳಿದುಕೊಂಡು ಇಳಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರಿನಲ್ಲಿ ಇರುವುದೆಲ್ಲ ಅದರ ಮೈಗೆ ಇಳಿಯುತ್ತದೆ.

ನನ್ನ ಕಾಲು ನೋಡಿದ ಸಂಶೋಧಕಿ ಇನ್ನೊಂದು ವಿಷಯ ಹೇಳಿದರು. ಉಂಬಳ ಕುಡಿದ ರಕ್ತದ ಡಿಎನ್ಎ ಅದರ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ವಿಯೆಟ್ನಾಂ ಕಾಡಿನ 25 ಉಂಬಳಗಳನ್ನು 2012ರಲ್ಲಿ ಪರೀಕ್ಷಿಸಿದಾಗ 21ರಲ್ಲಿ ಸಸ್ತನಿಗಳ ಡಿಎನ್ಎ ಸಿಕ್ಕಿತು. ಅದರಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾದ ಪಟ್ಟೆ ಮೊಲವೂ ಇತ್ತು. ಚೀನಾದ ಐಲಾವ್‌ಶಾನ್ ಕಾಡಿನಲ್ಲಿ ಅರಣ್ಯ ಕಾವಲುಗಾರರೇ 30,000ಕ್ಕೂ ಹೆಚ್ಚು ಉಂಬಳ ಹಿಡಿದು ಕೊಟ್ಟರು. ಅವುಗಳಿಂದ 86 ಬಗೆಯ ಬೆನ್ನೆಲುಬಿನ ಪ್ರಾಣಿಗಳ ಸುಳಿವು ಸಿಕ್ಕಿತೆಂದು 2022ರಲ್ಲಿ ಪ್ರಕಟವಾಯಿತು. ನಮ್ಮ ಕಾವಲುಗಾರರಿಗೂ ಒಂದು ಪೆಟ್ಟಿಗೆ ಟ್ಯೂಬ್ ಕೊಟ್ಟರೆ ಘಟ್ಟದ ಕಾಡಿನಲ್ಲಿ ಏನೆಲ್ಲ ಗೊತ್ತಾಗಬಹುದು ಎಂದು ಅವತ್ತು ತುಂಬಾ ಅನ್ನಿಸಿತು. ಕೆಲಸ ಬೇಗ ಆಗಬೇಕು. ಜಡ್ಡಿಗಳ ನೀರು ತಿರುಗಿಸಿ ತೋಟ ಮಾಡಿದ ಜಾಗಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ಯಾವ ಕಪ್ಪೆ ಇತ್ತು ಎಂದು ಈಗ ಕೇಳಿದರೆ ಹೇಳುವವರಿಲ್ಲ.

ಮರುದಿನ ಬೆಳಿಗ್ಗೆ ಅಜ್ಜನ ಮನೆಯಲ್ಲಿ ಕಷಾಯ ಕುಡಿಯುವಾಗ ಅವರೇ ಮಾತು ತೆಗೆದರು. "ನಮ್ಮ ತೋಟದ ಮೇಲಿನ ಹಳ್ಳದಲ್ಲೂ ಒಂದು ಕೂಗ್ತದೆ. ನಿನ್ನೆ ಕೇಳಿದ್ದರ ಹಾಗಲ್ಲ, ಬೇರೇನೇ. ಬಂದು ನೋಡ್ತೀರಾ ತಂಗೀ?"

ಆಕೆ ಚೀಲದಿಂದ ಪರವಾನಗಿ ಪತ್ರ ತೆಗೆದು ಓದಿದರು. ಆ ಹಳ್ಳ ಅದರಲ್ಲಿ ಇರಲಿಲ್ಲ. "ಇವತ್ತು ಕೂಗು ಮಾತ್ರ ರೆಕಾರ್ಡ್ ಮಾಡ್ಕೋತೀನಿ ಅಜ್ಜ. ಕಡ್ಡಿ ಹಾಕೋಕೆ ಹೊಸ ಅರ್ಜಿ ಕೊಡಬೇಕು" ಎಂದು ಹಳ್ಳದ ಹೆಸರು, ಅದಕ್ಕೆ ಹೋಗುವ ದಾರಿ ಎರಡನ್ನೂ ಅಜ್ಜನ ಬಾಯಿಂದಲೇ ಹೇಳಿಸಿ ಬರೆದುಕೊಂಡರು.