ಎತ್ತರದ ಜೀಪಿಗೆ ಗಿಡ್ಡವಾದ ಶಾಫ್ಟು

ಜೀಪು ಎತ್ತರ ಮಾಡಿಸಿದವರು ದೊಡ್ಡ ಟೈರು ತೋರಿಸುತ್ತಾರೆ, ಹೊಸ ಸ್ಪ್ರಿಂಗ್ ಪ್ಲೇಟು ತೋರಿಸುತ್ತಾರೆ. ಇಂಜಿನ್ನಿನ ಬಲವನ್ನು ಚಕ್ರದ ಕಡೆಗೆ ಒಯ್ಯುವ, ಹೊಟ್ಟೆಯಡಿಯ ಪ್ರೊಪೆಲ್ಲರ್ ಶಾಫ್ಟನ್ನು ಯಾರೂ ಬಗ್ಗಿ ನೋಡುವುದಿಲ್ಲ. ಎತ್ತರದ ಕಷ್ಟ ಜಾಸ್ತಿ ಬೀಳುವುದು ಅದರ ಮೇಲೆಯೇ.

ನಮ್ಮ ಹಳೇ ಮಹೀಂದ್ರಾ ಜೀಪು ನನ್ನ ಕೈಗೆ ಬರುವಾಗಲೇ 3 ಇಂಚು ಎತ್ತರವಾಗಿತ್ತು. ಹಿಂದಿನ ಮಾಲೀಕರು ಬಾಗು ಜಾಸ್ತಿ ಇರುವ ಪ್ಲೇಟು, ಪ್ಲೇಟಿನ ತುದಿಯನ್ನು ಚಾಸಿಗೆ ತೂಗುಹಾಕುವ ಉದ್ದದ ಶ್ಯಾಕಲ್ ಎರಡನ್ನೂ ಹಾಕಿಸಿದ್ದರು. ಶಿರಸಿ ಕಡೆಯ ತೋಟದ ದಾರಿಗೆ ಆ ಎತ್ತರ ಬೇಕೇ ಬೇಕು. ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಕೊರಕಲು, ನಡುವೆ ದಿಬ್ಬ. ಗೊಬ್ಬರ ಹೇರಿಕೊಂಡು ಇಳಿದರೆ ತಗ್ಗಿನ ಗಾಡಿಯ ಹೊಟ್ಟೆ ದಿಬ್ಬಕ್ಕೆ ಉಜ್ಜುತ್ತದೆ.

ಶಾಫ್ಟು ಕೆಡುವ ಮೊದಲು ಸೂಚನೆ ಕೊಡುತ್ತದೆ. ಮೊದಲು ರಿವರ್ಸ್ ಹಾಕಿದಾಗ ಒಂದು 'ಟಕ್'. ಆಮೇಲೆ ನಿಧಾನಕ್ಕೆ ಹೋಗುವಾಗ ಗುಬ್ಬಿ ಕೂಗಿದ ಹಾಗೆ ಚಿಂವ್ ಚಿಂವ್. ಗಂಟೆಗೆ 50 ದಾಟಿದರೆ ಸೀಟಿನಡಿ ನಡುಕ. ಬೇಸಿಗೆಯಲ್ಲಿ ಒಂದು ಗ್ಯಾರೇಜಿನವರು ಶಾಫ್ಟಿನ ಹಿಂದಿನ ತುದಿಯ ಕ್ರಾಸ್, ಅಂದರೆ ಓರೆಯಲ್ಲೂ ತಿರುಗಲು ಬಿಡುವ ಕೂಡುಗೀಲು, ಬದಲಿಸಿಕೊಟ್ಟಿದ್ದರು. ಮಳೆ ಹಿಡಿಯುವಷ್ಟರಲ್ಲಿ ಮತ್ತೆ ಅದೇ ಸದ್ದು.

ಆವತ್ತು ಕುಮಟಾದಿಂದ ತೆಂಗಿನ ಸಸಿ ತುಂಬಿಕೊಂಡು ನಾನೂ ಭಾವನೂ ವಾಪಸ್ ಬರುತ್ತಿದ್ದೆವು. ಕತಗಾಲ ದಾಟಿ ದೇವಿಮನೆ ಘಾಟಿ ಹತ್ತುವಾಗ ಭಾವ, "ಕೆಳಗೆ ಎಂತದೋ ಬಡಿತಾ ಇದ್ದು, ನಿಲ್ಸು ಭಾವ" ಎಂದ. ಬದಿಗೆ ಹಾಕಿ, ಬಗ್ಗಿ ಶಾಫ್ಟು ಹಿಡಿದು ಅಲುಗಿಸಿದೆ. ಹಿಂದಿನ ಕ್ರಾಸ್ ಲಟಲಟ ಎನ್ನುತ್ತಿತ್ತು. ಕ್ರಾಸಿನ ತೋಳಿಗೆ ಟೋಪಿಯ ಹಾಗೆ ಕೂರುವ ಬೇರಿಂಗ್ ಕಪ್ಪಿನ ಸುತ್ತ ಕೆಂಪು ಪುಡಿ.

ಹಾಗೇ ಓಡಿಸಿಕೊಂಡು ಹೋಗುವ ಮಾತೇ ಇಲ್ಲ. ಕ್ರಾಸ್ ಕಡಿದರೆ ಶಾಫ್ಟಿನ ಆ ತುದಿ ತಿರುಗುತ್ತಲೇ ಬೀಸಿ ಬಡಿಯುತ್ತದೆ. ಬ್ರೇಕ್ ಪೈಪು ಹರಿದರೂ ಹರಿಯಿತು. ಅದರಲ್ಲೂ ಮುಂದಿನ ತುದಿ ಕಳಚಿ ರಸ್ತೆಗೆ ನಾಟಿದರೆ ಜೀಪನ್ನೇ ಎತ್ತಿ ಹಾಕಬಹುದು. ಘಾಟಿಯಲ್ಲಿ ಒಂದು ಬದಿ ಕಣಿವೆ ಬೇರೆ.

ಫೋರ್ ವೀಲ್ ಇದ್ದದ್ದು ಉಪಕಾರಕ್ಕೆ ಬಂತು. ಹಿಂದಿನ ಶಾಫ್ಟನ್ನು ಪೂರ್ತಿ ಬಿಚ್ಚಿ ತೆಗೆದು, ಮುಂದಿನ ಚಕ್ರಗಳ ಬಲದ ಮೇಲೆ ಊರು ಸೇರಬಹುದು. ಆದರೆ ಬಿಚ್ಚುವ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಬೇಕು. ನಮ್ಮಂಥ ಹಳೇ ಜೀಪಿನಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಬಲವನ್ನು ಮುಂದಿನ ಹಿಂದಿನ ಆಕ್ಸಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿ, ಶಾಫ್ಟಿನ ಬುಡದಲ್ಲಿ. ಶಾಫ್ಟು ಕಳಚಿತೋ, ಹ್ಯಾಂಡ್ ಬ್ರೇಕಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇಲ್ಲ. ಗೇರಿನಲ್ಲಿ ನಿಲ್ಲಿಸಿದರೂ ಹಿಂದಿನ ಚಕ್ರ ತಡೆಯುವುದಿಲ್ಲ. ಭಾವ ದೊಡ್ಡ ದೊಡ್ಡ ಕಲ್ಲನ್ನೇ ಹುಡುಕಿ ತಂದ. ಬೋಲ್ಟು ಬಿಚ್ಚಿ, ಶಾಫ್ಟನ್ನು ಸಸಿಗಳ ನಡುವೆ ಮಲಗಿಸಿ, ಮುಂದಿನ ಚಕ್ರಕ್ಕೆ ಬಲ ಮುಟ್ಟುವ ಹಾಗೆ ಹಬ್ ಲಾಕ್ ಮಾಡಿ, ಫೋರ್ ಹೈಗೆ, ಅಂದರೆ ಫೋರ್ ವೀಲಿನ ಹೈ ಗೇರಿಗೆ ಹಾಕಿದೆ. ಲೋ ಗೇರು ಮುಟ್ಟಲಿಲ್ಲ, ಅಷ್ಟೂ ಭಾರ ಮುಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ ಅಲ್ವಾ. ಒದ್ದೆ ತಿರುವುಗಳಲ್ಲಿ ಮುಂದಿನ ಟೈರು ಜಾರುತ್ತಿತ್ತು. ಬಂಡಲ ದಾಟಿದ ಮೇಲೆಯೇ ಉಸಿರು ಬಿಟ್ಟದ್ದು.

ಮರುದಿನ ಶಿರಸಿಯ ಮೇಸ್ತ್ರಿ ಆ ಕ್ರಾಸನ್ನು ವೈಸಿಗೆ ಹಿಡಿದು, ಲಾಕು ತೆಗೆದು, ಕಪ್ಪು ಬಡಿದು ಹೊರಗೆಳೆದರು. ಬೇರಿಂಗಿನ ಹೊಳೆಯುವ ಸೂಜಿಗಳು ಸಾಲಾಗಿ ಕೂತಿರಬೇಕಾದ ಜಾಗದಲ್ಲಿ ಕಾಫಿಪುಡಿ ಬಣ್ಣದ ಪುಡಿ. ಮುರಿದ ಸೂಜಿ ಅಲ್ಲೊಂದು ಇಲ್ಲೊಂದು. ಕ್ರಾಸಿನ ತೋಳಿನ ಮೇಲೆ ಉಗುರು ಆಡಿಸಿದರೆ ಗೀರು ಗೀರಾಗಿ ಸಿಗುತ್ತಿತ್ತು.

"ಭಟ್ರೇ, ಕ್ರಾಸ್ ಪಾಪ ಎಂತ ಮಾಡೀತು? ಆ್ಯಂಗಲ್ಲೇ ಸರಿ ಇಲ್ಲ" ಎಂದರು.

ಅವರು ವಿವರಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಕ್ರಾಸ್ ಓರೆಯಾದಾಗ ಒಂದು ಬದಿ ಒಂದೇ ಸಮ ತಿರುಗಿದರೂ ಇನ್ನೊಂದು ಬದಿ ಹಾಗೆ ತಿರುಗುವುದಿಲ್ಲ. ಪ್ರತಿ ಸುತ್ತಿಗೆ 2 ಸಲ ಓಡುತ್ತದೆ, 2 ಸಲ ತಡೆಯುತ್ತದೆ. ಓರೆ ಜಾಸ್ತಿಯಾದಷ್ಟೂ ಈ ಏರಿಳಿತ ಜಾಸ್ತಿ. ಮುಂದಿನ ಕ್ರಾಸ್ ಹುಟ್ಟಿಸಿದ ಏರಿಳಿತವನ್ನು ಹಿಂದಿನದು ಅಳಿಸಬೇಕು. ಅದಕ್ಕೆ ಎರಡೂ ತುದಿಯ ಓರೆ ಒಂದೇ ಅಳತೆಯಲ್ಲಿರಬೇಕು, ಕ್ರಾಸ್ ಹಿಡಿಯುವ ಶಾಫ್ಟಿನ ಎರಡೂ ಕವಲು ಒಂದೇ ಸಾಲಿನಲ್ಲಿರಬೇಕು. ನಮ್ಮ ಜೀಪಿನಲ್ಲಿ ಉದ್ದದ ಶ್ಯಾಕಲ್ ಪ್ಲೇಟಿನ ಹಿಂದಿನ ತುದಿಯನ್ನು ಕೆಳಗೆ ತಳ್ಳಿ, ಆಕ್ಸಲಿಗೆ ಶಾಫ್ಟು ಸೇರುವ ಪಿನಿಯನ್ನಿನ ಮೂಗನ್ನು ಮೇಲಕ್ಕೆ ಎತ್ತಿತ್ತು. ಅಂಥದ್ದರಲ್ಲಿ ಎಷ್ಟು ಕ್ರಾಸ್ ಹಾಕಿದರೂ ಹೋಗುತ್ತಲೇ ಇರುತ್ತದೆ.

ಇನ್ನೊಂದು ತೊಂದರೆ ಉದ್ದದ್ದು. ಜೀಪು ಮೇಲೆದ್ದಾಗ ಟ್ರಾನ್ಸ್‌ಫರ್ ಕೇಸಿಗೂ ಹಿಂದಿನ ಆಕ್ಸಲಿಗೂ ಅಂತರ ಹೆಚ್ಚುತ್ತದೆ. ಶಾಫ್ಟಿನ ಸ್ಪ್ಲೈನು, ಅಂದರೆ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಜಾಗ, ಅಷ್ಟು ಹೊರಗೆ ಎಳೆದುಕೊಳ್ಳುತ್ತದೆ. ನಮ್ಮದರಲ್ಲಿ ಹಲ್ಲು ಹಿಡಿದದ್ದೇ ಸ್ವಲ್ಪ, ಅದೂ ಸವೆದು ಹೋಗಿತ್ತು. ಹಾಗಾಗಿ ಕಂಪನಿ ಅಳತೆಯ ರೆಡಿ ಶಾಫ್ಟು ತಂದರೆ ಪ್ರಯೋಜನವಿಲ್ಲ.

ಮೇಸ್ತ್ರಿ ಮೊದಲು ಆ್ಯಂಗಲ್ ಸರಿಮಾಡಿದರು. ಪ್ಲೇಟಿಗೂ ಆಕ್ಸಲಿಗೂ ನಡುವೆ ಓರೆ ಕಬ್ಬಿಣದ ತುಂಡು ಕೊಟ್ಟು, ಉದ್ದದ ಸೆಂಟರ್ ಬೋಲ್ಟು ಹಾಕಿ, ಪಿನಿಯನ್ ಮೂಗು ಕೆಳಗಿಳಿಸಿದರು. ಅಲ್ಯೂಮಿನಿಯಂ ತುಂಡು ಅಲ್ಲಿ ಜಜ್ಜಿಹೋಗುತ್ತದೆ ಅಂತ ಅವರು ಅದನ್ನು ಮುಟ್ಟುವುದೇ ಇಲ್ಲ. ಮೊಬೈಲಿನ ಲೆವೆಲ್ ಆ್ಯಪ್ ತೆಗೆದು ಒಮ್ಮೆ ಶಾಫ್ಟು ಬೋಲ್ಟಾಗುವ ಮುಂದಿನ ಫ್ಲ್ಯಾಂಜಿಗೆ, ಒಮ್ಮೆ ಹಿಂದಿನದಕ್ಕೆ ಒತ್ತಿ ಹಿಡಿದು ಡಿಗ್ರಿ ನೋಡಿದರು. ಎರಡೂ ಹೊಂದುವ ತನಕ ಬಿಡಲಿಲ್ಲ. ಆಮೇಲೆ ಜೀಪನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿ ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ ಅಳೆದರು. ಚಾಸಿ ಎತ್ತಿ, ಆಕ್ಸಲ್ ಪೂರ್ತಿ ಜೋತುಬಿದ್ದಾಗ ಮತ್ತೆ ಅಳೆದರು. ಜೋತುಬಿದ್ದಾಗಲೂ ಸ್ಪ್ಲೈನು ಚೆನ್ನಾಗಿ ಹಿಡಿದಿರಬೇಕು, ಹೇರು ಬಿದ್ದು ಪ್ಲೇಟು ಒತ್ತಿದಾಗ ಒಳಗೆ ಹೋಗಿ ಗುದ್ದಬಾರದು. ಈ ತಾಳ್ಮೆಗೆ ಎಷ್ಟು ದುಡ್ಡು ಕೊಟ್ಟರೂ ಕಡಿಮೆಯೇ ಅಂತ ನನಗೆ ಅನಿಸಿತು.

ಹೊಸ ಪೈಪು, ಹೊಸ ಸ್ಪ್ಲೈನು ಹಾಕಿ ಬ್ಯಾಲೆನ್ಸ್ ಮಾಡಿಸುವ ಕೆಲಸಕ್ಕೆ ಹುಬ್ಬಳ್ಳಿಗೆ ಅಳತೆ ಕಳಿಸಿದರು. ಶಾಫ್ಟು ಬಸ್ಸಿನಲ್ಲಿ ಪಾರ್ಸಲ್ ಆಗಿ ಬಂತು. ಹಾಕುವಾಗ ಮೇಸ್ತ್ರಿ ಎರಡೂ ಕವಲನ್ನು ಕಣ್ಣಳತೆಯಲ್ಲಿ ಸಾಲಿಗೆ ತಂದು, ಎರಡು ತುಂಡಿನ ಮೇಲೂ ಪೇಂಟಿನ ಗೆರೆ ಎಳೆದರು. ಮುಂದೆ ಯಾರಾದರೂ ಬಿಚ್ಚಿದರೆ ಒಂದು ಹಲ್ಲು ಆಚೀಚೆ ಆಗಬಾರದಲ್ಲ! ನಾನು ಕೇಳಿದ್ದಕ್ಕೆ ಮುಂದಿನ ತುದಿಯ ಕೆಳಗೆ ಪಟ್ಟಿ ಕಬ್ಬಿಣದ ಬಳೆಯನ್ನೂ ಕೂರಿಸಿಕೊಟ್ಟರು. ಶಾಫ್ಟು ಕಳಚಿದರೂ ನೆಲಕ್ಕೆ ಬೀಳುವುದಿಲ್ಲ.

ಬನವಾಸಿ ರಸ್ತೆಯಲ್ಲಿ 60ರ ತನಕ ಓಡಿಸಿ ನೋಡಿದೆವು. ನಡುಕ ಇಲ್ಲ, ಸದ್ದೂ ಇಲ್ಲ. ವಾಪಸ್ ಬಂದ ಕೂಡಲೇ ಮೇಸ್ತ್ರಿ ಪ್ಲೇಟಿನ ಯು ಬೋಲ್ಟು, ಫ್ಲ್ಯಾಂಜಿನ ಬೋಲ್ಟು ಎಲ್ಲಾ ಇನ್ನೊಮ್ಮೆ ಬಿಗಿಮಾಡಿದರು. ಹಳ್ಳ ದಾಟಿ ಬಂದ ದಿನ ತಪ್ಪದೆ ಗ್ರೀಸ್ ಹೊಡೆಯಿರಿ, ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಗೆ ಬರುವ ತನಕ ನಿಲ್ಲಿಸಬೇಡಿ ಎಂದರು. ಗ್ರೀಸ್ ಗನ್ ಈಗ ಜೀಪಿನಲ್ಲೇ ಇರುತ್ತದೆ.