ಎರಡು ಗೆರೆ ಕಂಡ್ರೆ ಎರಡು ಕೋಶ ಅಂತಲ್ಲ

ಬಾಟನಿ ಲ್ಯಾಬಲ್ಲಿ ಸ್ಲೈಡ್ ಮಾಡಿಸೋದು, ಚಿತ್ರ ಬರೆಸೋದು ನನ್ನ ಕೆಲಸ. ಜರಿಗಿಡದ ಆಂಥೆರಿಡಿಯಂ, ಅಂದ್ರೆ ಗಂಡು ಅಂಗದ ಚಿತ್ರ ವರ್ಷಗಟ್ಟಲೆ ಬೋರ್ಡ್ ಮೇಲೆ ಒಂದೇ ಥರ ಬರೀತಿದ್ದೆ, ಬುಡಕ್ಕೊಂದು ಕೋಶ, ಎಡಕ್ಕೊಂದು, ಬಲಕ್ಕೊಂದು, ಮೇಲೊಂದು ಮುಚ್ಚಳ, ನಡುವೆ ವೀರ್ಯಾಣುಗಳು. ಹೊರಗಡೆ ನಾಲ್ಕು ಕೋಶ ಅಂತಾನೇ ಪಾಠ ಮಾಡ್ತಿದ್ದೆ.

ಒಂದಿನ ಒಬ್ಳು ಸ್ಟೂಡೆಂಟ್ "ಸರ್, ಎಡದ ಕೋಶಕ್ಕೂ ಬಲದ ಕೋಶಕ್ಕೂ ನಡುವಿನ ಗೋಡೆ ಎಲ್ಲಿದೆ, ನಂಗೆ ಕಾಣ್ತಾನೇ ಇಲ್ಲ" ಅಂದ್ಲು. ಹೋಗಿ ನೋಡ್ದೆ. ಜರಿಗಿಡದ ಗಂಡು, ಹೆಣ್ಣು ಅಂಗಗಳು ಹುಟ್ಟೋ ಪುಟ್ಟ ಹಸಿರು ಹಾಳೆಗೆ ಪ್ರೋಥ್ಯಾಲಸ್ ಅಂತಾರೆ. ಅದರ ಅಂಚಲ್ಲಿರೋ ಆಂಥೆರಿಡಿಯಂ ಪಕ್ಕದಿಂದ ಕಾಣುತ್ತೆ, ಅವಳು ನೋಡ್ತಿದ್ದದ್ದು ಹಾಳೆಯ ಮೈ ಮೇಲೆ ಎದ್ದಿದ್ದು, ಹಾಗಾಗಿ ನೆತ್ತಿಯಿಂದ ಕಾಣ್ತಿತ್ತು. ಫೈನ್ ಫೋಕಸ್ ನಿಧಾನಕ್ಕೆ ತಿರುಗಿಸ್ತಾ ಹೋದೆ, ಮೊದಲು ಪುಟ್ಟ ವೃತ್ತ ಬಂತು, ಅದು ಮುಚ್ಚಳ, ಅದರ ಸುತ್ತ ಬಳೆ ಥರ ಒಂದೇ ಒಂದು ಕೋಶ, ಪೂರ್ತಿ ಒಂದು ಸುತ್ತು ನೋಡಿದ್ರೂ ಎಲ್ಲೂ ಅಡ್ಡಗೋಡೆ ಇಲ್ಲ. ಬಳೇನ ಸೀಳಿದ್ರೆ ಆಚೆ ಈಚೆ ಎರಡು ತುಂಡು ಕಾಣುತ್ತಲ್ಲ, ಅದನ್ನೇ ನಾನು ಎರಡು ಕೋಶ ಅಂದ್ಕೊಂಡಿದ್ದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ರೋಥ್ಯಾಲಸ್‌ನ ಒಂದು ಕೋಶ ಉಬ್ಬುತ್ತೆ, ಆ ಉಬ್ಬು ಬೇರೆ ಕೋಶ ಆಗುತ್ತೆ, ಅದೇ ಶುರು. ಅದರೊಳಗೆ ಮೊದಲನೇ ಗೋಡೆ ಬುಡದ ಕೋಶನ ಬೇರೆ ಮಾಡುತ್ತೆ, ಬೆಳೆದ ಮೇಲೆ ಅದು ಆಲಿಕೆ ಥರ ಕೆಳಕ್ಕೆ ಜಗ್ಗಿರುತ್ತೆ. ಎರಡನೇದು ಬೋರಲು ಹಾಕಿದ ಬಟ್ಟಲಿನ ಥರ ಬರುತ್ತೆ, ಒಳಗೆ ವೀರ್ಯಾಣು ಹುಟ್ಟಿಸೋ ಕೋಶ, ಹೊರಗೆ ಕವಚ. ಮೂರನೇದು ಕವಚದ ನೆತ್ತೀಲಿ ಉಂಗುರದ ಥರ ಬಂದು ಮುಚ್ಚಳನ ಬಳೆ ಕೋಶದಿಂದ ಬಿಡಿಸುತ್ತೆ. ಮೂರು ವಿಭಜನೆಗೆ ಒಟ್ಟು ನಾಲ್ಕೇ ಕೋಶ, ಅದರಲ್ಲಿ ಒಂದು ಒಳಗಿದೆ ಅಂದ್ಮೇಲೆ ಹೊರಗೆ ಉಳಿಯೋದು ಮೂರೇ! ಒಳಗಿನದು ಒಡೆದೊಡೆದು ಎಷ್ಟೋ ಜಾತಿಗಳಲ್ಲಿ 32 ವೀರ್ಯಾಣು ಕೊಡುತ್ತೆ. ಎಲ್ಲಾ ಜರಿಗಿಡಕ್ಕೂ ಈ ಲೆಕ್ಕ ಒಪ್ಪಲ್ಲ ಅನ್ನೋದೂ ಹೇಳ್ಬೇಕು, ಆಸ್ಮುಂಡಾ ಅನ್ನೋ ಜರಿಗಿಡದಲ್ಲಿ ಹೊರಕೋಶಗಳು ಜಾಸ್ತಿ.

ಗೋಡೆ ಬಾಗೋದು ಹೇಗೆ ಅಂತ ಹುಡುಗರು ಕೇಳ್ತಾರೆ. ಹೊಸ ಗೋಡೆ ಎರಡು ನ್ಯೂಕ್ಲಿಯಸ್ ನಡುವೆ ತೆಳ್ಳಗೆ ಹುಟ್ಟಿ ಹೊರಕ್ಕೆ ಬೆಳೀತಾ ಹಳೇ ಗೋಡೆಗೆ ಹೋಗಿ ಅಂಟ್ಕೊಳ್ಳುತ್ತೆ, ಎಲ್ಲಿ ಅಂಟುತ್ತೆ ಅನ್ನೋದ್ರ ಮೇಲೆ ಆಕಾರ ನಿಂತಿದೆ, ನೇರವಾಗೇ ಇರ್ಬೇಕು ಅಂತೇನಿಲ್ಲ.

ಹೆಣ್ಣು ಅಂಗ ಆರ್ಕಿಗೋನಿಯಂನಲ್ಲಿ ಇದಕ್ಕೆ ಉಲ್ಟಾ. ಕತ್ತನ್ನ ಪಕ್ಕದಿಂದ ನೋಡಿದ್ರೆ ಎರಡು ಸಾಲು ಕೋಶ, ಮೇಲಿಂದ ನೋಡಿದ್ರೆ ನಾಲ್ಕು. ಕತ್ತಿನೊಳಗಿನ ನಾಳದ ಕೋಶದಲ್ಲಿ ಇನ್ನೂ ಚೆನ್ನಾಗಿದೆ, ನ್ಯೂಕ್ಲಿಯಸ್ ಎರಡಾಗುತ್ತೆ ಆದ್ರೆ ಸಾಮಾನ್ಯವಾಗಿ ನಡುವೆ ಗೋಡೆ ಬರೋದೇ ಇಲ್ಲ, ಹಾಗಾಗಿ ಎರಡು ನ್ಯೂಕ್ಲಿಯಸ್ ಇದ್ರೂ ಕೋಶ ಒಂದೇ.

ಹಳೇ ಚಾರ್ಟ್ ಗೋಡೆಯಿಂದ ಇಳಿಸಿದೀನಿ. ಹೊಸದ್ರಲ್ಲಿ ಪಕ್ಕದ ನೋಟ ನಾನು ಬರೆದೆ, ನೆತ್ತಿಯ ನೋಟ ಆ ಹುಡುಗಿ ಕೈಲೇ ಬರೆಸಿದೆ.