ಕೈಬೀಸಿಕೊಂಡು ಹತ್ತಿದ ಬೆಟ್ಟ

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಬೆಟ್ಟಕ್ಕೆ ಹೋಗುವುದೆಂದರೆ ಏನನ್ನಾದರೂ ತರಲಿಕ್ಕೆ ಹೋಗುವುದು. ಬೇಸಿಗೆಯಲ್ಲಿ ದರಗು ಎಂದರೆ ಉದುರಿದ ಒಣ ಎಲೆ, ಮಳೆ ಹಿಡಿದ ಮೇಲೆ ಕೊಟ್ಟಿಗೆಗೆ ಹಸಿ ಸೊಪ್ಪು, ನಡುನಡುವೆ ಕಟ್ಟಿಗೆ, ಕಳಲೆ, ಅಣಬೆ, ಸಂಜೆ ಮನೆಗೆ ಬಾರದ ಹಸು. ತೋಟದ ಗೊಬ್ಬರಕ್ಕೆಂದೇ ಬಿಟ್ಟ ಸೊಪ್ಪಿನ ಬೆಟ್ಟ ಮನೆಯ ಹಿಂದೆಯೇ ಇತ್ತು. ಅದರ ತುದಿಗೆ ಹೋದರೆ ಏನು ಕಾಣುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ. ಅಮ್ಮ ತಲೆಯ ಮೇಲೆ ಹೊರೆಯಿಲ್ಲದೆ ಬೆಟ್ಟ ಇಳಿದದ್ದನ್ನು ನಾನು ಕಂಡಿಲ್ಲ. ಹೊರೆ ಹೊತ್ತವರ ಕಣ್ಣು ಮುಂದಿನ ಹೆಜ್ಜೆಯ ಮೇಲೇ ಇರುತ್ತದೆ.

ನಮ್ಮವರದು ದಾವಣಗೆರೆ ಕಡೆಯ ಬಯಲು. ಶಿವಮೊಗ್ಗದಲ್ಲಿ ಸಂಸಾರ ಹೂಡಿ ಅರ್ಧ ಆಯಸ್ಸು ಕಳೆದರೂ ಮಂಜು, ಮಳೆ, ಹಸಿರು ಎಂದರೆ ಅವರಿಗೆ ಈಗಲೂ ಹೊಸ ಅಳಿಯನ ಸಂಭ್ರಮ. ಮಕ್ಕಳು ಬೆಂಗಳೂರು ಸೇರಿದರು, ವೈದ್ಯರು ಸಕ್ಕರೆ ಗಡಿಯಲ್ಲಿದೆ, ಚೆನ್ನಾಗಿ ನಡೆಯಿರಿ ಎಂದರು. ಅಷ್ಟು ಸಾಕಾಯಿತು. ಬೆಳಗಿನ ವಾಯುವಿಹಾರ ಅವರಿಗೆ ಸಪ್ಪೆಯಾಗಿ, ಬೆಟ್ಟದ ಹುಚ್ಚು ಹತ್ತಿತು. ಬೂಟು, ಚೀಲ, ಮಡಚುವ ಕೋಲು, ಇಂಬಳ (ಜಿಗಣೆ) ತಡೆಯುವ ಉದ್ದನೆಯ ಕಾಲುಚೀಲ ಎಲ್ಲವೂ ಒಂದೊಂದಾಗಿ ಕೊರಿಯರ್‌ನಲ್ಲಿ ಮನೆಗೆ ಬಂದವು.

"ಕವಲೇದುರ್ಗದ ಕೋಟೆ ಬೆಟ್ಟಕ್ಕೆ ಹೋಗೋಣ," ಎಂದರು.

"ಅಲ್ಲಿಂದ ಏನು ತರಬೇಕಿತ್ತು?" ಎಂದೆ. ತಮಾಷೆಗೆ ಕೇಳಿದ್ದಲ್ಲ, ಬಾಯಿಗೆ ಹಾಗೆಯೇ ಬಂತು.

ತಿಂಗಳನ್ನು ಆರಿಸಿದ್ದು ಮಾತ್ರ ನಾನು. ಡಿಸೆಂಬರ್ ಬಿದ್ದ ಮೇಲೆ ನಮ್ಮ ಕಾಡಿನಲ್ಲಿ ಉಣುಗಿನ (ಉಣ್ಣೆ ಹುಳದ) ಕಾಲ ಶುರುವಾಗುತ್ತದೆ. ಬೇಸಿಗೆ ಕಳೆದು ಮಳೆ ಬರುವವರೆಗೆ ಅದರ ಭಯ ಇದ್ದದ್ದೇ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತು ಬಿದ್ದ ಜಾಗದ ಉಣುಗು ಕಚ್ಚಿದರೆ ಮನುಷ್ಯರಿಗೂ ಬರುತ್ತದೆ. ಹೆಚ್ಚಾಗಿ ಬರುವುದು ದರಗು ಗುಡಿಸಲು, ಕಟ್ಟಿಗೆ ಆಯಲು ಹೋದವರಿಗೆ. ನನ್ನ ತವರಿನ ಕಡೆ ಈಗಲೂ ಚಳಿಗಾಲದಲ್ಲಿ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಬಳಿದುಕೊಂಡೇ ಹೋಗುತ್ತಾರೆ. ಕಾಡು ಎಂದರೆ ಬರೀ ಆನಂದ ಎಂದು ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುವುದು ಇದಕ್ಕೇ. ಹಾಗಾಗಿ ದಸರಾ ರಜೆಯೇ ಸರಿ ಎಂದೆ. ಮಳೆ ಹಿಂದೆ ಸರಿದಿರುತ್ತದೆ. ಇಂಬಳ ಇರುತ್ತದೆ, ಇರಲಿ. ಅದು ರಕ್ತ ಕುಡಿದು ತನ್ನಷ್ಟಕ್ಕೆ ಉದುರಿಹೋಗುತ್ತದೆ, ಆಸ್ಪತ್ರೆಗೆ ಅಟ್ಟುವುದಿಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರಿನಷ್ಟು ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು ಊರುಗಳು ಕಳೆಯುತ್ತವೆ, ತುಂಗೆ ಆಗಾಗ ಮರಗಳ ಸಂದಿನಲ್ಲಿ ಇಣುಕಿ ಮಾಯವಾಗುತ್ತಾಳೆ. ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ ಹೊರಟರೆ ಕವಲೇದುರ್ಗ ಇನ್ನು ಇಪ್ಪತ್ತು ಕಿಲೋಮೀಟರಿನೊಳಗೆ.

ಕಾರು ನಿಲ್ಲಿಸಿದ ಜಾಗದಿಂದ ಗದ್ದೆಯ ಅಂಚಿನಲ್ಲಿ ದಾರಿ. ಭತ್ತಕ್ಕೆ ಹೊಡೆ ಬಂದಿತ್ತು. ಭೂಮಿ ಹುಣ್ಣಿಮೆಗೆ ಇನ್ನು ಕೆಲವೇ ದಿನ. ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬ ಎಂದು ನಮ್ಮವರಿಗೆ ಹೇಳುತ್ತಾ ನಡೆದೆ. ಅವರು ಫೋಟೊ ತೆಗೆಯುವುದರಲ್ಲಿದ್ದರು. ಕಾಡು ಶುರುವಾಗುತ್ತಲೇ ಹಾಸುಗಲ್ಲಿನ ದಾರಿ. ಪಾಚಿ ಕಟ್ಟಿದ ಕಲ್ಲು ಒದ್ದೆಯಾಗಿದ್ದರೆ ಎಂಥ ದುಬಾರಿ ಬೂಟೂ ನಿಲ್ಲುವುದಿಲ್ಲ. ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. ಬರಿಗಾಲಿನ ಬೆರಳುಗಳಿಗೆ ಹಳೆಯ ಪಾಠ ಮರೆತಿರಲಿಲ್ಲ.

ಇಂಬಳ ಕಾದೇ ಕುಳಿತಿತ್ತು. ಮನೆಯಿಂದ ತಂದಿದ್ದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ದಾರಿಬದಿಯ ಕೋಲಿನ ತುದಿಗೆ ಬಿಗಿದು, ನೀರಿನಲ್ಲಿ ಅದ್ದಿಕೊಂಡೆ. ಏರಿ ಬಂದ ಇಂಬಳಕ್ಕೆ ಮುಟ್ಟಿಸಿದರೆ ಮುದುಡಿ ಬೀಳುತ್ತದೆ. ನಮ್ಮವರ ಕಾಲುಚೀಲ ಮೊಣಕಾಲಿನವರೆಗೆ ಭದ್ರ. ಆದರೆ ಇಂಬಳ ಬಂದದ್ದು ಮೇಲಿನಿಂದ, ಅವರು ಒರಗಿ ನಿಂತ ಪೊದೆಯಿಂದ, ಕತ್ತಿನ ಹಿಂದಕ್ಕೆ. ಕಚ್ಚಿದ್ದು ತಿಳಿಯದೆ ಅವರು ವಿಜಯನಗರೋತ್ತರ ಕಾಲದ ಕೋಟೆಗಳ ಬಗ್ಗೆ ಹೇಳುತ್ತಿದ್ದರು. ಕಾಲರಿನ ಮೇಲೆ ಕೆಂಪು ಇಳಿಯುವುದನ್ನು ನಾನು ನೋಡಿದೆ. ಉಪ್ಪು ಮುಟ್ಟಿಸಿ ಬೀಳಿಸಿದೆ. ರಕ್ತ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಇಂಬಳದ ಜೊಲ್ಲಿನಲ್ಲಿರುತ್ತದೆ, ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಷ್ಟೇ. ಕರವಸ್ತ್ರ ಒತ್ತಿಕೊಂಡೇ ಅವರು ಉಪನ್ಯಾಸ ಮುಂದುವರಿಸಿದರು.

ಎರಡನೆಯ ಹೆಬ್ಬಾಗಿಲಿನ ಹತ್ತಿರ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಎದುರಾದರು. ಹೊರೆ ಇಳಿಸದೆಯೇ ನಿಂತು, ನಮ್ಮ ಬೂಟು, ಕೋಲು, ರಕ್ತದ ಕಾಲರು ಎಲ್ಲವನ್ನೂ ನೋಡಿ ಕೇಳಿದರು: "ಹರಕೆಯಾ ತಾಯಿ?"

"ಇಲ್ಲ ಅಜ್ಜಿ, ಸುಮ್ಮನೆ ನೋಡಿಕೊಂಡು ಹೋಗಲು ಬಂದೆವು."

"ಒಳ್ಳೆಯದು. ನಾನು ಮೇಲೆ ಹೋಗಿ ಬಹಳ ಕಾಲವಾಯಿತು," ಎಂದು ನಕ್ಕು, ಕತ್ತು ಒಂದಿಷ್ಟೂ ಅಲ್ಲಾಡಿಸದೆ ಇಳಿದುಹೋದರು. ಆ ಕತ್ತು ನನಗೆ ಗೊತ್ತಿತ್ತು.

ಕವಲೇದುರ್ಗ ಕೆಳದಿ ನಾಯಕರ ಕೋಟೆ. 1499ರಲ್ಲಿ ಶುರುವಾದ ಆ ಮನೆತನದ ಆಳ್ವಿಕೆ 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿಯುವುದರೊಂದಿಗೆ ಮುಗಿಯಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡ ಚೆನ್ನಮ್ಮಾಜಿ ಇದೇ ಮನೆತನದ ರಾಣಿ. ಮೂರು ಸುತ್ತಿನ ಗೋಡೆ, ಒಂದೊಂದು ಬಾಗಿಲಿನ ಎರಡೂ ಬದಿಗೆ ಕಾವಲು ಕೋಣೆ. ನಮ್ಮವರು ಗೋಡೆಯ ಕಲ್ಲಿಗೆ ಕಲ್ಲು ಹೊಂದಿದ್ದನ್ನು ಬೆರಳಾಡಿಸಿ ನೋಡುತ್ತಾ ಹಿಂದುಳಿದರು.

ನಾನು ನಿಂತದ್ದು ಅರಮನೆಯ ಅಡುಗೆಮನೆಯಲ್ಲಿ. ಚಾವಣಿಯಿಲ್ಲ, ಗೋಡೆಗಳು ಸೊಂಟದೆತ್ತರ, ಮುಕ್ಕಾಲು ಪಾಲು ಹುಲ್ಲು. ನಡುವೆ ಕಲ್ಲಿನ ಒಲೆ. ಒಂದೇ ಬೆಂಕಿಗೆ ಐದು ಪಾತ್ರೆ ಕೂರುವ ಹಾಗೆ ಕಡೆದಿದ್ದಾರೆ. ಅಂಚುಗಳು ಸವೆದು ನುಣುಪಾಗಿವೆ. ಪಕ್ಕದಲ್ಲಿ ನೀರು ಹರಿದುಹೋಗಲು ಕಲ್ಲಿನಲ್ಲೇ ಕೊರೆದ ಕಾಲುವೆ. ಕುಕ್ಕರುಗಾಲಲ್ಲಿ ಕುಳಿತು ಕೈಯಿಟ್ಟು ನೋಡಿದೆ: ಅನ್ನದ ಚರಿಗೆ ಇಲ್ಲಿ, ಸಾರು ಇಲ್ಲಿ, ಬೆಂಕಿಯಿಂದ ದೂರದ ಕಂಡಿಯ ಮೇಲೆ ಹಾಲು, ಉಕ್ಕದೆ ಬೆಚ್ಚಗಿರಲಿಕ್ಕೆ. ಒಲೆ ಕಡೆದವನಿಗೆ ಯಾರೋ ಹೆಂಗಸು ಹೇಳಿಕೊಟ್ಟಿರಬೇಕು ಎಂದು ನನ್ನ ಗುಮಾನಿ. ಈ ಒಲೆಗೆ ದಿನಕ್ಕೆ ಎಷ್ಟು ಕಟ್ಟಿಗೆ ಬೇಕಾಗುತ್ತಿತ್ತು? ಅದು ನಾವು ಏದುಸಿರು ಬಿಡುತ್ತಾ ಬಂದ ದಾರಿಯಲ್ಲೇ ಯಾರದೋ ತಲೆಯ ಮೇಲೆ ಬಂದಿರಬೇಕು. ಕೋಟೆ ಕಟ್ಟಿಸಿದವರ ಹೆಸರು ಫಲಕದ ಮೇಲಿರುತ್ತದೆ. ಕಟ್ಟಿಗೆ ಹೊತ್ತವರದು ಎಲ್ಲಿಯೂ ಇರುವುದಿಲ್ಲ.

"ಎಷ್ಟು ಹೊತ್ತು ಕೂರುತ್ತೀಯೇ? ತುದಿ ಇನ್ನೂ ಮೇಲಿದೆ," ಎಂದು ನಮ್ಮವರು ಕರೆದರು. ಇಷ್ಟು ಹೊತ್ತು ಗೋಡೆಯನ್ನು ಸವರುತ್ತಾ ನಿಂತವರು ಅವರೇ.

ಕೊನೆಯ ಏರು ಬರೀ ಬಂಡೆ. ತುದಿಯ ಪುಟ್ಟ ಗುಡಿಯ ಕಟ್ಟೆಯ ಮೇಲೆ ಕುಳಿತಾಗ ಪಶ್ಚಿಮಕ್ಕೆ ವರಾಹಿಯ ಹಿನ್ನೀರು, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಕಂಡದ್ದನ್ನು ವರ್ಣಿಸಲು ಹೊರಟರೆ ಎಲ್ಲರೂ ಬರೆಯುವುದನ್ನೇ ಬರೆಯಬೇಕಾಗುತ್ತದೆ. ನನಗೆ ವಿಚಿತ್ರವೆನಿಸಿದ್ದು ಕೈಗಳು. ಬೆಟ್ಟದ ಮೇಲೆ ನನ್ನ ಎರಡೂ ಕೈ ಖಾಲಿ. ಕತ್ತಿಯಿಲ್ಲ, ಹಗ್ಗವಿಲ್ಲ, ಹೆಡಿಗೆಯಿಲ್ಲ. ಬಿಸಿಲು ಏರುವ ಮೊದಲು ಮನೆಗೆ ಹೋಗಬೇಕೆಂಬ ಅವಸರವಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸೀರೆಯ ಸೆರಗು ಹಿಂಡುತ್ತಾ ಕುಳಿತೆ. ನಮ್ಮವರು ಅಕ್ಕಿ ರೊಟ್ಟಿ, ಚಟ್ನಿಯ ಡಬ್ಬಿ ತೆರೆದು ಮೊದಲು ನನಗೆ ಬಡಿಸಿದರು. ಮನೆಯಲ್ಲಿ ಎಂದೂ ಮಾಡದ ಕೆಲಸ. ನಾನೂ ಏನೂ ಅನ್ನದೆ ಬಡಿಸಿಕೊಂಡೆ.

ಇಳಿಯುವಾಗ ಅವರ ಮೊಣಕಾಲು ನಡುಗಲು ಶುರುವಾಯಿತು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಮೈಯ ಭಾರವನ್ನು ತೊಡೆ ತಡೆದು ತಡೆದು ಇಳಿಸಬೇಕಲ್ಲ. ಹೊರೆ ಹೊತ್ತವರು ಇಳಿಯುವ ಹಾಗೆ ಪಾದ ಅಡ್ಡವಿಟ್ಟು, ಹೆಜ್ಜೆ ಸಣ್ಣದು ಮಾಡಿ, ಮಂಡಿ ಕೊಂಚ ಮಡಿಚಿ ಇಳಿಯುವುದನ್ನು ತೋರಿಸಿಕೊಟ್ಟೆ. ಮಡಚುವ ಕೋಲನ್ನು ಅವರೇ ಇಟ್ಟುಕೊಂಡರು, ಅದು ನಿಜಕ್ಕೂ ಉಪಯೋಗಕ್ಕೆ ಬಂತು ಎಂಬುದನ್ನು ಒಪ್ಪಲೇಬೇಕು. ಮೂರನೆಯ ಬಾಗಿಲಿನಿಂದ ಗದ್ದೆಯವರೆಗೆ ನನ್ನ ಭುಜ ಹಿಡಿದುಕೊಂಡೇ ಬಂದರು.

ಕಾರಿನಲ್ಲಿ ಕುಳಿತು ಮಂಡಿ ನೀವಿಕೊಳ್ಳುತ್ತಲೇ ಕೊಡಚಾದ್ರಿಯ ಮಾತು ತೆಗೆದರು. 1,343 ಮೀಟರ್, ಗೊತ್ತೇನು ಎಂದರು. ಬರುತ್ತೇನೆ, ಆದರೆ ಡಿಸೆಂಬರಿಗೆ ಮೊದಲು ಎಂದೆ. ಹತ್ತುವುದು ಕಾಲಿನಲ್ಲಿ, ಇಳಿಯುವುದು ಜೀಪಿನಲ್ಲಿ. ರೊಟ್ಟಿ ತಟ್ಟುವುದು ನೀವು. ಮೊದಲೆರಡಕ್ಕೆ ತಕ್ಷಣ ಒಪ್ಪಿದ್ದಾರೆ, ಮೂರನೆಯದರ ಬಗ್ಗೆ ಇನ್ನೂ ಮಾತುಕತೆ ನಡೆದಿದೆ.